ವಿಜಾಪುರದ ಗಡಿ ತಾಲೂಕುಗಳೂ ‘ಮುಲ್ಕಿ’ಯ ಪ್ರಶ್ನೆಯೂ

ವಿಜಾಪುರ ಜಿಲ್ಲೆಯ (ಈಗಿನ ವಿಜಯಪುರ) ಇಂಡಿ, ಸಿಂದಗಿ ಹಾಗೂ ಮುದ್ದೇಬಿಹಾಳ ತಾಲೂಕುಗಳ ಪೂರ್ವದ ಅಂಚು ಸುಮಾರು ಒಂದು ಶತಮಾನದಷ್ಟು ಕಾಲ ಎರಡು ಆಳಿಕೆಗಳ ನಡುವಣ ಸರಹದ್ದಾಗಿದ್ದಿತು. ಈಚೆಗೆ ಮುಂಬಯಿ ಇಲಾಖೆ, ಆಚೆಗೆ ಹೈದರಾಬಾದಿನ ನಿಜಾಮನ ರಾಜ್ಯ. ಈಚೆಯ ಜನರು ಆಚೆಯ ಸೀಮೆಯನ್ನು ‘ಮೊಗಲಾಯಿ’ ಎಂದು ಕರೆಯುತ್ತಿದ್ದರು. ಮೊಗಲರ ಅಧಿಕಾರವು ಹೆಸರಿಗೂ ಇಲ್ಲದಾದ ಮೇಲೂ ಆ ಮಾತು ಉಳಿದುಕೊಂಡಿತು. ಎರಡೂ ಕಡೆಗೆ ಆಡುವ ಭಾಷೆ ಒಂದೇ, ಬಿತ್ತುವ ಜೋಳ ಒಂದೇ, ನಡೆದುಕೊಳ್ಳುವ ಮಠ-ದರಗಾಗಳು ಒಂದೇ. ಆದರೂ ಸಿಂದಗಿಯ ಒಕ್ಕಲಿಗನು ಜೇವರ್ಗಿಯಲ್ಲಿಯೂ, ಸುರಪುರದವನು ತಾಳೀಕೋಟೆಯಲ್ಲಿಯೂ ಕಾಯಿದೆಯ ದೃಷ್ಟಿಯಿಂದ ಪರರಾಜ್ಯದ ಪ್ರಜೆಯೇ ಆಗಿದ್ದನು. ಈ ಪರಕೀಯತೆಯ ಸ್ವರೂಪವೇನು, ಅದನ್ನು ಕಳೆದುಕೊಂಡು ‘ಇಲ್ಲಿಯವ’ನೆನಿಸಿಕೊಳ್ಳಲು ಮನುಷ್ಯನು ಏನನ್ನು ರುಜುವಾತುಪಡಿಸಬೇಕಾಗುತ್ತಿತ್ತು, ರಾಜ್ಯವೇ ಬದಲಾದಾಗ ಆ ರುಜುವಾತು ಏನಾಯಿತು ಎಂಬುದನ್ನು ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಹೈದರಾಬಾದ ವಿಮೋಚನೆಯ ರಾಜಕೀಯ ಚರಿತ್ರೆಯನ್ನು ಬರೆದವರು ಅನೇಕರಿದ್ದಾರೆ. ಗಡಿಯ ಸಾಮಾನ್ಯ ಕುಟುಂಬವೊಂದರ ಪ್ರಜಾತ್ವದ ಪ್ರಶ್ನೆಯು ಆ ಬರೆಹಗಳಲ್ಲಿ ಹಿಂದೆ ಸರಿದಿದೆ.

ಮೊದಲು ಗಡಿಯ ವಿಷಯ. ಇದು ಪುರಾತನವಾದದ್ದೇನೂ ಅಲ್ಲ. 1818ರಲ್ಲಿ ಪೇಶವೆಯವರ ಆಳಿಕೆ ಮುಗಿದಾಗ ವಿಜಾಪುರದ ಭಾಗವನ್ನು ಇಂಗ್ರೇಜರು ಸಾತಾರೆಯ ಛತ್ರಪತಿಗೆ ಬಿಟ್ಟುಕೊಟ್ಟರು. 1848ರಲ್ಲಿ ಆ ವಂಶಕ್ಕೆ ಔರಸ ಸಂತಾನವಿಲ್ಲವೆಂಬ ನೆವದಿಂದ ಡಾಲ್‌ಹೌಸಿಯು ಸಾತಾರೆಯನ್ನು ವಶಪಡಿಸಿಕೊಂಡಾಗ ಈ ನಾಡು ನೇರವಾಗಿ ಕಂಪನಿ ಸರಕಾರಕ್ಕೆ ಸೇರಿತು. 1864ರಲ್ಲಿ ಕಲಾದಗಿ ಜಿಲ್ಲೆಯ ರಚನೆಯಾಯಿತು. ಮುಂದೆ ಎರಡು ದಶಕಗಳ ತರುವಾಯ ಅದರ ಮುಖ್ಯ ಠಾಣ್ಯವು ವಿಜಾಪುರಕ್ಕೆ ಬಂದಿತು. ಆಚೆಯ ಕಡೆಗೆ ನೋಡಿದರೆ ಬದಲಾವಣೆಗಳು ಇನ್ನೂ ತ್ವರಿತವಾಗಿದ್ದವು. 1853ರ ಒಪ್ಪಂದದಂತೆ ನಿಜಾಮನು ವರಾಡ, ನಳದುರ್ಗ ಪ್ರಾಂತಗಳೊಡನೆ ಕೃಷ್ಣಾ-ತುಂಗಭದ್ರೆಗಳ ನಡುವಣ ರಾಯಚೂರು ದೋಆಬನ್ನು ಇಂಗ್ರೇಜರ ಸ್ವಾಧೀನಕ್ಕೆ ಒಪ್ಪಿಸಿದನು. 1860ರಲ್ಲಿ ದೋಆಬು ಅವನಿಗೆ ಮರಳಿತು. ಅದೇ ವರ್ಷ, 1858ರ ಬಂಡಾಯದ ತರುವಾಯ ಜಪ್ತಾಗಿದ್ದ ಸುರಪುರದ ನಾಯಕರ ಸಂಸ್ಥಾನವೂ, ನಿಜಾಮನು ಇಂಗ್ರೇಜರಿಗೆ ನಿಷ್ಠನಾಗಿ ಉಳಿದುದಕ್ಕೆ ಬಹುಮಾನವೆಂಬಂತೆ, ಅವನಿಗೆ ದೊರೆಯಿತು.

ಇದರ ಅರ್ಥವನ್ನು ಒಂದು ಮನೆಯ ಮಟ್ಟಿಗೆ ತಂದು ನೋಡಬೇಕು. ಲಿಂಗಸುಗೂರಿನ ಒಂದು ಮನೆಯಲ್ಲಿ 1850ರಲ್ಲಿ ಹುಟ್ಟಿದ ಮಗ ನಿಜಾಮನ ಪ್ರಜೆ. 1856ರಲ್ಲಿ ಹುಟ್ಟಿದ ಅವನ ತಮ್ಮ ಇಂಗ್ರೇಜರ ನೆಲದಲ್ಲಿ ಹುಟ್ಟಿದವನು. 1862ರಲ್ಲಿ ಹುಟ್ಟಿದ ತಂಗಿ ಮತ್ತೆ ನಿಜಾಮನ ಪ್ರಜೆ. ಮನೆ ಕದಲಲಿಲ್ಲ, ಹೊಲ ಕದಲಲಿಲ್ಲ. ಸುರಪುರದವರಂತೂ ಹತ್ತು ವರ್ಷಗಳೊಳಗೆ ನಾಯಕರ, ಕಂಪನಿಯ, ರಾಣಿಯ, ನಿಜಾಮನ ಹೀಗೆ ನಾಲ್ಕು ಪ್ರಭುತ್ವಗಳನ್ನು ಕಂಡರು. ಆ ಕಾಲದಲ್ಲಿ ಇದರಿಂದ ಯಾರಿಗೂ ವಿಶೇಷ ತೊಡಕು ಉಂಟಾದಂತಿಲ್ಲ. ಯಾಕೆಂದರೆ ಯಾರ ಪ್ರಜೆ ಎಂಬುದು ಕಂದಾಯ ಯಾರಿಗೆ ಕೊಡುವುದು ಎಂಬ ಪ್ರಶ್ನೆಯಾಗಿತ್ತೇ ಹೊರತು ನೌಕರಿ ಯಾರಿಗೆ ಸಿಗುವುದು, ಮತ ಯಾರು ಹಾಕುವುದು ಎಂಬ ಪ್ರಶ್ನೆ ಆಗಿನ್ನೂ ಆಗಿರಲಿಲ್ಲ.

ನಿತ್ಯಜೀವನದಲ್ಲಿ ಗಡಿಯು ಕಾಣಿಸುತ್ತಿದ್ದುದು ಮುಖ್ಯವಾಗಿ ನಾಣ್ಯದಲ್ಲಿ ಮತ್ತು ನಾಕೆಯಲ್ಲಿ. ಈಚೆಗೆ ಕಲ್ದಾರ ರೂಪಾಯಿ, ಆಚೆಗೆ ಹಾಲಿ ಸಿಕ್ಕಾ; ನೂರು ಕಲ್ದಾರಕ್ಕೆ ಹಾಲಿಯ 116 ರೂಪಾಯಿ 10 ಆಣೆ 8 ಪೈ ಎಂಬುದು ನಿಗದಿಯಾದ ವಿನಿಮಯ. ಸರಕು ದಾಟಿದರೆ ‘ಕರೋಡಗಿರಿ’ ಎಂಬ ಸುಂಕ. ಅದು ನೂರಕ್ಕೆ ಐದರಂತೆ ಬಹುಕಾಲ ನಡೆಯಿತು. ಈಚೆಯ ಮಾಮಲೇದಾರ ಆಚೆಗೆ ತಹಶೀಲದಾರ. ಈಚೆಯ ಕಲೆಕ್ಟರ ಆಚೆಗೆ ಅವ್ವಲ ತಾಲೂಕದಾರ. ಈಚೆಯ ದಫ್ತರ ಕನ್ನಡ ಇಲ್ಲವೆ ಮರಾಠಿ, ಆಚೆಯದು 1884ರ ಸುಮಾರಿಗೆ ಪಾರಸಿಯಿಂದ ಉರ್ದುವಿಗೆ ತಿರುಗಿತು. ಕಳ್ಳರು, ದರೋಡೆಕಾರರು ಗಡಿ ದಾಟಿ ತಲೆಮರೆಸಿಕೊಂಡರೆ ಅವರನ್ನು ಒಪ್ಪಿಸುವುದಕ್ಕೆ 1867ರ ಒಪ್ಪಂದವಿತ್ತು. ಇವೆಲ್ಲ ಹೊರಗಿನ ಗುರುತುಗಳು. ಜನರ ಹೋಗು-ಬರುವಿಗೆ ರಹದಾರಿ ಬೇಕಾಗಿರಲಿಲ್ಲ. ಗಾಣಗಾಪುರದ ದತ್ತಾತ್ರೇಯನ ದರ್ಶನಕ್ಕೆ, ಗುಲಬರ್ಗೆಯ ಶರಣಬಸವೇಶ್ವರರ ರಥೋತ್ಸವಕ್ಕೆ, ಬಂದೇನವಾಜರ ಉರುಸಿಗೆ ಇಂಡಿ-ಸಿಂದಗಿಯ ಜನರು ಬಂಡಿ ಕಟ್ಟಿಕೊಂಡು ಹೋಗುತ್ತಿದ್ದರು. ಬಸವನ ಬಾಗೇವಾಡಿ ತಾಲೂಕು ಗಡಿಗೆ ತಾಗಿಕೊಂಡಿಲ್ಲ. ಆದರೂ ಬಸವಣ್ಣನ ಜನ್ಮಸ್ಥಳದಿಂದ ಅವನ ಕರ್ಮಭೂಮಿಯಾದ ಕಲ್ಯಾಣಕ್ಕೆ ಹೋಗುವ ಭಕ್ತನು ಒಂದು ಸರಕಾರದ ಸೀಮೆಯನ್ನು ಬಿಟ್ಟು ಇನ್ನೊಂದರ ಸೀಮೆಯನ್ನು ಹೊಗುತ್ತಿದ್ದನೆಂಬುದು ನೆನಪಿನಲ್ಲಿಡಬೇಕಾದ ಸಂಗತಿ. ಬರಗಾಲದಲ್ಲಿಯೂ ಅಷ್ಟೇ. 1876-78ರ ಬರದ ಹಿಂದು ಮುಂದಣ ಎರಡು ಜನಗಣತಿಗಳ ನಡುವೆ, ಎಂದರೆ 1872 ಮತ್ತು 1881ರ ನಡುವೆ, ಕಲಾದಗಿ ಜಿಲ್ಲೆಯ ಜನಸಂಖ್ಯೆಯು ಐದರಲ್ಲಿ ಒಂದು ಪಾಲಿಗಿಂತಲೂ ಹೆಚ್ಚು ಇಳಿಯಿತು. ಸತ್ತವರ ಜೊತೆಗೆ ಗುಳೆ ಹೋದವರೂ ಆ ಲೆಕ್ಕದಲ್ಲಿ ಸೇರಿದ್ದಾರೆ.

ಇನ್ನು ಕಾಯಿದೆಯ ಕಡೆಗೆ ಹೊರಳೋಣ. ಬ್ರಿಟಿಷ್ ನ್ಯಾಯವು ಪ್ರಜಾತ್ವವನ್ನು ನೆಲದಿಂದ ನಿರ್ಣಯಿಸುತ್ತಿತ್ತು. ಸಾಮ್ರಾಟನ ರಾಜ್ಯದ ಸೀಮೆಯೊಳಗೆ ಹುಟ್ಟಿದವನು, ತಂದೆ ಯಾವ ರಾಜ್ಯದವನೇ ಇರಲಿ, ಹುಟ್ಟಿನಿಂದ ಬ್ರಿಟಿಷ್ ಪ್ರಜೆ. 1914ರ ಬ್ರಿಟಿಷ್ ರಾಷ್ಟ್ರೀಯತ್ವದ ಕಾಯಿದೆಯು ಈ ಹಳೆಯ ತತ್ತ್ವವನ್ನೇ ಅಕ್ಷರಕ್ಕಿಳಿಸಿತು. ದೇಶೀ ಸಂಸ್ಥಾನಗಳು ಆ ಸೀಮೆಯೊಳಗೆ ಎಣಿಕೆಯಾಗುತ್ತಿರಲಿಲ್ಲ. ಆದುದರಿಂದ ಜೇವರ್ಗಿಯಲ್ಲಿ ಹುಟ್ಟಿದವನು ಬ್ರಿಟಿಷ್ ಪ್ರಜೆಯಲ್ಲ, ಬ್ರಿಟಿಷರ ಸಂರಕ್ಷಣೆಗೆ ಒಳಪಟ್ಟ ವ್ಯಕ್ತಿ ಮಾತ್ರ. 1864ರ ವಿದೇಶೀಯರ ಕಾಯಿದೆಯ ಮಾತನ್ನು ಕಟ್ಟುನಿಟ್ಟಾಗಿ ಓದಿದರೆ ಅಂಥವನು ಸಿಂದಗಿಯ ಸಂತೆಯಲ್ಲಿ ವಿದೇಶೀಯನೇ. ಸಂಸ್ಥಾನಗಳ ಪ್ರಜೆಗಳು ವಿದೇಶೀಯರಲ್ಲವೆಂದು ಸ್ಪಷ್ಟವಾಗಿ ಹೇಳಿದುದು 1946ರ ಕಾಯಿದೆ; ಆಗ ಬ್ರಿಟಿಷರ ಆಳಿಕೆಗೆ ಉಳಿದಿದ್ದುದು ಒಂದು ವರ್ಷ. ಮತದಾನದ ವಿಷಯದಲ್ಲಿಯೂ ಹೀಗೆಯೇ. 1935ರ ಶಾಸನದ ಪ್ರಕಾರ ಒಕ್ಕೂಟವನ್ನು ಸೇರದ ಸಂಸ್ಥಾನದ ಪ್ರಜೆಯ ಹೆಸರು ಪ್ರಾಂತದ ಮತದಾರರ ಪಟ್ಟಿಯಲ್ಲಿ ಸೇರಬೇಕಾದರೆ ಅದಕ್ಕೆ ಪ್ರತ್ಯೇಕವಾದ ನಿಯಮ ಬೇಕಾಗಿತ್ತು. ಒಕ್ಕೂಟವಂತೂ ಹುಟ್ಟಲೇ ಇಲ್ಲ.

ಹೈದರಾಬಾದ ಸಂಸ್ಥಾನದ ನಿಯಮವು ಇದಕ್ಕೆ ವಿರುದ್ಧವಾದ ತತ್ತ್ವದ ಮೇಲೆ ನಿಂತಿತ್ತು. ‘ಮುಲ್ಕ್’ ಎಂದರೆ ನಾಡು. ನಾಡಿನವನು ‘ಮುಲ್ಕಿ’, ಹೊರಗಿನವನು ‘ಗೈರ ಮುಲ್ಕಿ’. ಒಂದನೆಯ ಸಾಲಾರಜಂಗನು 1853ರಿಂದ 1883ರ ವರೆಗೆ ಆಡಳಿತವನ್ನು ಸುಧಾರಿಸುವಾಗ ಉತ್ತರ ಹಿಂದುಸ್ಥಾನದಿಂದ ತರಬೇತಾದ ಅಧಿಕಾರಿಗಳನ್ನು ಕರೆಯಿಸಿದನು. ಅವರು ತಮ್ಮವರನ್ನು ಕರೆತಂದರು. ಸ್ಥಳೀಯರಿಗೆ ಅಸಮಾಧಾನವಾಯಿತು. ಮೈಸೂರು ಸಂಸ್ಥಾನದಲ್ಲಿ ಮದರಾಸಿನವರ ಬಗೆಗೆ ಹುಟ್ಟಿದ ಅಸಮಾಧಾನವೂ ಇದೇ ಜಾತಿಯದು. ಹೈದರಾಬಾದಿನಲ್ಲಿ ಈ ದೂರು ಕ್ರಮೇಣ ನಿಯಮದ ರೂಪವನ್ನು ತಾಳಿ, 1919ರ ಫರ್ಮಾನಿನಿಂದ ಖಚಿತವಾದ ಆಕಾರವನ್ನು ಪಡೆಯಿತು. ನಿಜಾಮನ ವಿಶೇಷ ಮಂಜೂರಾತಿಯಿಲ್ಲದೆ ಗೈರ ಮುಲ್ಕಿಗೆ ಸರಕಾರಿ ನೌಕರಿ ಇಲ್ಲವೆಂದಾಯಿತು.

ಮುಲ್ಕಿ ಯಾರು? ನಿಯಮದ ಉತ್ತರವು ಹೀಗಿತ್ತು. ಹುಟ್ಟಿನಿಂದ ಮುಲ್ಕಿಯಾಗಬೇಕಾದರೆ ಹುಟ್ಟಿದಾಗ ತಂದೆ ಮುಲ್ಕಿಯಾಗಿರಬೇಕು, ಇಲ್ಲವೆ ಅವನು 15 ವರ್ಷ ಸರಕಾರಿ ಸೇವೆಯನ್ನು ಪೂರೈಸಿ ಇನ್ನೂ ಸೇವೆಯಲ್ಲಿರಬೇಕು. ಮುಲ್ಕಿಯ ಹೆಂಡತಿ ಮುಲ್ಕಿ. ಇನ್ನುಳಿದವರಿಗೆ ವಾಸದ ಮಾರ್ಗ: ಸಂಸ್ಥಾನದಲ್ಲಿ ಕನಿಷ್ಠ 15 ವರ್ಷ ಕಾಯಂ ಆಗಿ ನೆಲೆಸಿರಬೇಕು; ಅಷ್ಟೇ ಸಾಲದು, ಹಿಂದಿನ ಊರಿಗೆ ಮರಳುವ ವಿಚಾರವನ್ನು ತೊರೆದಿರುವುದಾಗಿ ಗೊತ್ತುಪಡಿಸಿದ ನಮೂನೆಯಲ್ಲಿ ಪ್ರಮಾಣ ಮಾಡಿ, ಅದನ್ನು ಮ್ಯಾಜಿಸ್ಟ್ರೇಟರಿಂದ ದೃಢೀಕರಿಸಿಕೊಳ್ಳಬೇಕು. ಈ ಕೊನೆಯ ಮಾತು ಗಮನಾರ್ಹವಾದುದು. ದಿಲ್ಲಿಯಿಂದಲೋ ಲಖನೌದಿಂದಲೋ ಬಂದವನಿಗೆ ಇಂಥ ಪ್ರಮಾಣಕ್ಕೆ ಒಂದು ಅರ್ಥವಿದ್ದೀತು. ಇಂಡಿಯಿಂದ ಹೊರಟು ಭೀಮೆಯನ್ನು ದಾಟಿ ಅಫಜಲಪುರದಲ್ಲಿ ಅಂಗಡಿ ಇಟ್ಟವನಿಗೆ ಏನು ಅರ್ಥ? ಅವನ ಮನೆದೇವರು ಈಚೆಗೆ, ಭಾವಿಕಿ ಹೊಲ ಈಚೆಗೆ, ಅಣ್ಣ-ತಮ್ಮಂದಿರು ಈಚೆಗೆ. ಮರಳುವ ವಿಚಾರವನ್ನು ತೊರೆದೆನೆಂದು ಅವನು ಬರೆದುಕೊಡಬೇಕಾದದ್ದು ಒಂದು ಹಗಲಿನಲ್ಲಿ ನಡೆದು ಹೋಗಿ ಬರಬಹುದಾದ ಊರಿನ ಬಗೆಗೆ. ದೂರದವರನ್ನು ಎದುರಿಗಿಟ್ಟುಕೊಂಡು ಮಾಡಿದ ನಿಯಮವು ನೆರೆಯವನ ಮೇಲೆ ಬಿದ್ದುದಕ್ಕೆ ಇದು ಒಳ್ಳೆಯ ನಿದರ್ಶನ. ಅಲ್ಲದೆ, ಈ ನಿಯಮವು ದೊಡ್ಡವರನ್ನು ತಡೆಯಲಿಲ್ಲವೆಂಬುದನ್ನೂ ಹೇಳಬೇಕು. 1937ರಿಂದ 1941ರ ವರೆಗೆ ಪ್ರಧಾನಿಯಾಗಿದ್ದ ಸರ್ ಅಕಬರ ಹೈದರಿಯವರು ಮುಂಬಯಿಯಲ್ಲಿ ಹುಟ್ಟಿದವರು. 1946-47ರಲ್ಲಿ ಪ್ರಧಾನಿಯಾದ ಸರ್ ಮಿರ್ಜಾ ಇಸ್ಮಾಯಿಲರು ಮೈಸೂರಿನವರು. ವಿಶೇಷ ಮಂಜೂರಾತಿಯು ಅಂಥವರಿಗೆ ಸುಲಭ. ಗುಮಾಸ್ತಿಕೆಯ ಅರ್ಜಿ ಬರೆಯುವ ಗಡಿಯ ಹುಡುಗನಿಗೆ ಅದು ಕನಸಿನ ಮಾತು.

ಹೀಗೆ ಒಂದು ಸರಕಾರವು ‘ಎಲ್ಲಿ ಹುಟ್ಟಿದೆ?’ ಎಂದು ಕೇಳುತ್ತಿತ್ತು. ಇನ್ನೊಂದು ‘ಯಾರ ಮಗ?’ ಎಂದು ಕೇಳುತ್ತಿತ್ತು. ಬೇರೆ ಕಡೆಗಳಲ್ಲಿ ಈ ಎರಡು ಪ್ರಶ್ನೆಗಳಿಗೆ ಸಾಧಾರಣವಾಗಿ ಒಂದೇ ಉತ್ತರ ಬರುತ್ತದೆ. ಆದರೆ ಗಡಿ ತಾಲೂಕುಗಳಲ್ಲಿ ಇವೆರಡನ್ನೂ ಒಡೆದು ಬೇರ್ಪಡಿಸುವ ಒಂದು ಗಟ್ಟಿಯಾದ ಪದ್ಧತಿಯಿತ್ತು. ಅದು ನಮ್ಮ ಕಡೆಯ ಚೊಚ್ಚಲ ಹೆರಿಗೆಯ ಪದ್ಧತಿ. ಮೊದಲ ಬಸಿರಿಗೆ ಮಗಳನ್ನು ತವರಿಗೆ ಕರೆತಂದು, ಹೆರಿಗೆ-ಬಾಣಂತನಗಳನ್ನು ಮಾಡಿ, ತೊಟ್ಟಿಲು ಹೊರಿಸಿ ಕಳಿಸುವುದು ಜಾತಿ-ಮತಗಳ ಭೇದವಿಲ್ಲದೆ ಉತ್ತರ ಕರ್ನಾಟಕದಲ್ಲೆಲ್ಲ ರೂಢಿ. ಮೊಗಲಾಯಿಗೆ ಹೆಣ್ಣು ಕೊಡುವುದೂ ಮೊಗಲಾಯಿಯಿಂದ ಹೆಣ್ಣು ತರುವುದೂ ಗಡಿಯಲ್ಲಿ ಸಾಮಾನ್ಯವಾಗಿತ್ತು.

ಈಗ ಸಿಂದಗಿಯ ಮಗಳನ್ನು ಜೇವರ್ಗಿಗೆ ಕೊಟ್ಟಿದೆಯೆಂದು ಇಟ್ಟುಕೊಳ್ಳೋಣ. ಮದುವೆಯಿಂದ ಅವಳು ಮುಲ್ಕಿಯಾದಳು. ಅವಳ ಚೊಚ್ಚಲ ಮಗನು ಸಿಂದಗಿಯಲ್ಲಿ ಹುಟ್ಟಿದನು. ತಂದೆಯಿಂದ ಅವನು ಮುಲ್ಕಿ. ನೆಲದಿಂದ ಬ್ರಿಟಿಷ್ ಪ್ರಜೆ. ಎರಡು ರಾಜ್ಯಗಳೂ ಅವನನ್ನು ತಮ್ಮವನೆನ್ನುತ್ತವೆ. ಇದಕ್ಕೆ ವ್ಯತಿರಿಕ್ತವಾಗಿ ಜೇವರ್ಗಿಯ ಮಗಳನ್ನು ಸಿಂದಗಿಗೆ ತಂದಿದ್ದರೆ, ಅವಳ ಚೊಚ್ಚಲ ಮಗನು ಹುಟ್ಟುವುದು ಜೇವರ್ಗಿಯಲ್ಲಿ. ಅವನು ಬ್ರಿಟಿಷ್ ಸೀಮೆಯ ಹೊರಗೆ ಹುಟ್ಟಿದವನು. ಅವನ ತಂದೆಯೋ ಗೈರ ಮುಲ್ಕಿ. ಆದುದರಿಂದ ಮಗನು ಮುಲ್ಕಿಯೂ ಅಲ್ಲ. 1914ರ ಕಾಯಿದೆಯಲ್ಲಿ ಹೊರನಾಡಿನಲ್ಲಿ ಹುಟ್ಟಿದ ಮಗುವಿಗೆ ಬ್ರಿಟಿಷ್ ಪ್ರಜೆಯಾದ ತಂದೆಯ ಮೂಲಕ ಪ್ರಜಾತ್ವವನ್ನು ಕೊಡುವ ಒಂದು ದಾರಿಯಿತ್ತು, ನಿಜ. ಆದರೆ ತಂದೆಯೇ ಸಾಮ್ರಾಟನ ನೆಲದಲ್ಲಿ ಹುಟ್ಟಿದವನೆಂದು ತೋರಿಸಬೇಕಾಗುತ್ತಿತ್ತು. ಅವನೂ ತನ್ನ ತಾಯಿಯ ಚೊಚ್ಚಲ ಮಗನಾಗಿ ಆಚೆಗೆ ಹುಟ್ಟಿದ್ದರೆ ತೊಡಕು ಇನ್ನೊಂದು ತಲೆಮಾರು ಹಿಂದಕ್ಕೆ ಹೋಗುತ್ತಿತ್ತು. ಇದು ಬರಿಯ ತರ್ಕದ ಆಟವೆಂದು ಕೆಲವರಿಗೆ ತೋರಬಹುದು. ಆದರೆ ಹಳ್ಳಿಯ ಜನನ ನೋಂದಣಿಯಲ್ಲಿ ಮೊದಲ ಮಗುವಿನ ಊರು ಒಂದು, ಎರಡನೆಯದರ ಊರು ಇನ್ನೊಂದು ಆಗಿರುವುದು ಗಡಿಯ ಮನೆಗಳಲ್ಲಿ ಅಪರೂಪವಲ್ಲ. ಅಣ್ಣ-ತಮ್ಮಂದಿರ ಪ್ರಜಾತ್ವದ ಆಧಾರಗಳೇ ಬೇರೆಯಾಗಲು ಅಷ್ಟು ಸಾಕು.

ಸಾಮಾನ್ಯರಿಗೆ ಇದರ ಬಿಸಿ ತಟ್ಟಿದುದು ಶಿಕ್ಷಣ ಹಾಗೂ ನೌಕರಿಗಳ ಮೂಲಕ. ಉಸ್ಮಾನಿಯಾ ವಿಶ್ವವಿದ್ಯಾಲಯವು 1918ರಲ್ಲಿ ಉರ್ದು ಮಾಧ್ಯಮದಿಂದ ಪ್ರಾರಂಭವಾಯಿತು. ಕನ್ನಡದಲ್ಲಿ ಮಕ್ಕಳನ್ನು ಓದಿಸಬಯಸಿದ ಗುಲಬರ್ಗಾ-ರಾಯಚೂರು ಜಿಲ್ಲೆಗಳ ತಂದೆಗಳು ವಿಜಾಪುರ, ಧಾರವಾಡ, ಸೊಲ್ಲಾಪುರಗಳ ಕಡೆಗೆ ನೋಡಿದರು. ಇತ್ತಣಿಂದ ಅತ್ತ ಹೋದವರೂ ಇದ್ದರು. ಸಂಸ್ಥಾನದ ಖಾಸಗಿ ಶಾಲೆಗಳು ಹೊರಗಿನಿಂದ ಬಂದವರಿಂದಲೂ ಬೆಳೆದವು. ಮಂಗಳೂರಿನಲ್ಲಿ ಹುಟ್ಟಿದ ಪಂಡಿತ ತಾರಾನಾಥರು ರಾಯಚೂರಿನಲ್ಲಿ ಹಮದರ್ದ ಶಾಲೆಯನ್ನು ಕಟ್ಟಿದುದು ಎಲ್ಲರೂ ಬಲ್ಲ ಸಂಗತಿ. ರಾಜಕೀಯದಲ್ಲಿಯಂತೂ ಒಂದು ವಿಪರ್ಯಾಸವೇ ಏರ್ಪಟ್ಟಿತು. ಸಂಸ್ಥಾನದೊಳಗೆ ಸಭೆ ಸೇರುವುದಕ್ಕೆ ಸರಕಾರದ ಗಸ್ತಿ ಹುಕುಮುಗಳು ಅಡ್ಡಿಯಾಗಿದ್ದುದರಿಂದ ನಿಜಾಮನ ಪ್ರಜೆಗಳು ತಮ್ಮ ರಾಜಕೀಯ ಪರಿಷತ್ತುಗಳನ್ನು ಪರಸೀಮೆಯಲ್ಲಿ ನಡೆಸಬೇಕಾಯಿತು: 1923ರಲ್ಲಿ ಕಾಕಿನಾಡೆಯಲ್ಲಿ, 1926ರಲ್ಲಿ ಮುಂಬಯಿಯಲ್ಲಿ, 1928ರಲ್ಲಿ ಪುಣೆಯಲ್ಲಿ, 1931ರಲ್ಲಿ ಅಕೋಲೆಯಲ್ಲಿ. ಹೊರಗೆ ಸೇರಿದರೆ ಹೊರಗಿನವರ ಪ್ರೇರಣೆಯೆಂಬ ಆರೋಪ. ಒಳಗೆ ಸೇರಿದರೆ ಅಪ್ಪಣೆಯಿಲ್ಲ.

ಈ ಸಂದರ್ಭದಲ್ಲಿ ಸ್ವಾಮಿ ರಾಮಾನಂದ ತೀರ್ಥರ ಜೀವನವು ವಿಚಾರಾರ್ಹವಾದುದು. ಪೂರ್ವಾಶ್ರಮದಲ್ಲಿ ವೆಂಕಟೇಶ ಭಗವಾನರಾವ ಖೇಡಗೀಕರ ಎಂಬ ಹೆಸರಿನ ಇವರು 1903ರ ಅಕ್ಟೋಬರ 3ರಂದು ಜನಿಸಿದುದು ಸಿಂದಗಿಯಲ್ಲಿ. ಶಿಕ್ಷಣದ ತರುವಾಯ 1929ರ ಸುಮಾರಿಗೆ ಅವರು ನಿಜಾಮನ ಸೀಮೆಯ ಹಿಪ್ಪರಗಾದ ರಾಷ್ಟ್ರೀಯ ಶಾಲೆಗೆ ಶಿಕ್ಷಕರಾಗಿ ಹೋದರು. ಮುಂದೆ ಅಂಬಾಜೋಗಾಯಿಯಲ್ಲಿ ಶಾಲೆಯನ್ನು ನಡೆಸಿದರು. ಅಷ್ಟರೊಳಗೆ ಸಂನ್ಯಾಸವನ್ನೂ ಸ್ವೀಕರಿಸಿದ್ದರು. 1938ರಲ್ಲಿ ಹೈದರಾಬಾದ ಸ್ಟೇಟ್ ಕಾಂಗ್ರೆಸ್ಸು ಹುಟ್ಟುವ ಮುನ್ನವೇ ನಿಷೇಧಕ್ಕೊಳಗಾದಾಗ ಸತ್ಯಾಗ್ರಹ ಮಾಡಿ ಸೆರೆಮನೆ ಸೇರಿದರು. ನಿಷೇಧ ತೆರವಾದ ಮೇಲೆ ಅದರ ಅಧ್ಯಕ್ಷರಾದರು. ಒಂದು ಲೆಕ್ಕವನ್ನು ಇಲ್ಲಿ ಮಾಡಿ ನೋಡಬಹುದು. ಕೇವಲ ವಾಸದ ಮಾರ್ಗದಿಂದ ಮುಲ್ಕಿಯಾಗಬೇಕಿದ್ದ ಒಬ್ಬನು 1929ರಲ್ಲಿ ಆ ಸೀಮೆಯನ್ನು ಹೊಕ್ಕಿದ್ದರೆ ಅವನ 15 ವರ್ಷಗಳು ತುಂಬುವುದು 1944ಕ್ಕೆ. 1938ರ ಸತ್ಯಾಗ್ರಹದ ಕಾಲಕ್ಕೆ ಅವನು ಗೈರ ಮುಲ್ಕಿಯೇ. ಜನನಾಯಕನಿಗೆ ಸರಕಾರಿ ನೌಕರಿ ಬೇಡವಾದ್ದರಿಂದ ಅವನಿಗೆ ಈ ಲೆಕ್ಕ ಬೇಕಿರಲಿಲ್ಲ, ನಿಜ. ಆದರೆ ಜನರು ಯಾರನ್ನು ತಮ್ಮವನೆಂದು ಒಪ್ಪುತ್ತಾರೆ ಎಂಬುದಕ್ಕೂ ದಫ್ತರವು ಯಾರನ್ನು ಒಪ್ಪುತ್ತದೆ ಎಂಬುದಕ್ಕೂ ಇರುವ ಅಂತರವನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಉದಾಹರಣೆ ಈ ಪ್ರದೇಶದ ಚರಿತ್ರೆಯಲ್ಲಿ ಇನ್ನೊಂದಿಲ್ಲ. 1952ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಸ್ವಾಮೀಜಿಯವರು ಗುಲಬರ್ಗೆಯಿಂದ ಲೋಕಸಭೆಗೆ ಆರಿಸಿ ಬಂದರು. ಆಗಿನ್ನೂ ಸಿಂದಗಿ ಮುಂಬಯಿ ರಾಜ್ಯದಲ್ಲಿ, ಗುಲಬರ್ಗೆ ಹೈದರಾಬಾದ ರಾಜ್ಯದಲ್ಲಿ ಇದ್ದವು.

1947ರ ಆಗಸ್ಟ 15ರಿಂದ 1948ರ ಸೆಪ್ಟಂಬರದ ವರೆಗಿನ 13 ತಿಂಗಳು ಗಡಿಯ ಜೀವನದಲ್ಲಿ ಹಿಂದೆ ಮುಂದೆ ಕಾಣದ ಕಾಲ. ಬ್ರಿಟಿಷರ ಸಾರ್ವಭೌಮತ್ವವು ಕೊನೆಗೊಂಡಿತು. ನಿಜಾಮನು ಭಾರತವನ್ನು ಸೇರಲಿಲ್ಲ. 1947ರ ನವೆಂಬರ 29ರಂದು ಒಂದು ವರ್ಷದ ಯಥಾಸ್ಥಿತಿ ಒಪ್ಪಂದವಾಯಿತು. ಅಲ್ಲಿಯ ವರೆಗೆ ಹೆಸರಿಗೆ ಪರಸೀಮೆಯಾಗಿದ್ದುದು ಈಗ ನಿಜವಾಗಿ ಪರರಾಜ್ಯವೆಂಬಂತಾಯಿತು. ರಜಾಕಾರರ ಹಾವಳಿಗೆ ಅಂಜಿ ಆಚೆಯ ಹಳ್ಳಿಗಳ ಜನರು ಈಚೆಯ ತಾಲೂಕುಗಳಿಗೆ ಬಂದರು. ಸ್ಟೇಟ್ ಕಾಂಗ್ರೆಸ್ಸಿನ ಶಿಬಿರಗಳು ಗಡಿಯುದ್ದಕ್ಕೂ ಏರ್ಪಟ್ಟವು. ಮುಂಡರಗಿ, ಗಜೇಂದ್ರಗಡಗಳ ಶಿಬಿರಗಳಂತೆ ಸಿಂದಗಿ ತಾಲೂಕಿನ ಕಕ್ಕಳಮೇಲಿಯ ಶಿಬಿರವೂ ಹೆಸರಾಯಿತು. ಕರೋಡಗಿರಿ ನಾಕೆಗಳೇ ಶಿಬಿರದವರ ಮೊದಲ ಗುರಿಯಾದುದು ಆಕಸ್ಮಿಕವಲ್ಲ. ಗಡಿಯು ಕಣ್ಣಿಗೆ ಕಾಣುತ್ತಿದ್ದ ಸ್ಥಳ ಅದೊಂದೇ. ಬಂದ ನಿರಾಶ್ರಿತರಲ್ಲಿ ಎಷ್ಟೋ ಮನೆಗಳಿಗೆ ಈಚೆಯ ಊರು ತವರೋ ಬೀಗರ ಮನೆಯೋ ಆಗಿದ್ದಿತು. ಅವರ ಪ್ರಜಾತ್ವವೇನೆಂದು ಯಾರೂ ಕೇಳಲಿಲ್ಲ.

1948ರ ಸೆಪ್ಟಂಬರ 13ರಿಂದ 17ರ ವರೆಗಿನ ಪೋಲೀಸ ಕಾರ್ಯಾಚರಣೆಯಿಂದ ರಾಜ್ಯ ಬದಲಾಯಿತು. ಅದರೊಂದಿಗೆ ‘ಪರಕೀಯ’ನೆಂಬ ಶಬ್ದದ ಗುರಿಯೂ ಬದಲಾಯಿತು. ಆ ತರುವಾಯದ ವಾರಗಳಲ್ಲಿ ಸಂಸ್ಥಾನದ ಮುಸಲ್ಮಾನರು ಅನುಭವಿಸಿದ ಹಿಂಸೆಯನ್ನು ಪಂಡಿತ ಸುಂದರಲಾಲರ ಸಮಿತಿಯು ವರದಿ ಮಾಡಿತು. ಅತ್ಯಂತ ಹೆಚ್ಚು ಹಾನಿಗೊಳಗಾದ ನಾಲ್ಕು ಜಿಲ್ಲೆಗಳಲ್ಲಿ ಗುಲಬರ್ಗಾ ಮತ್ತು ಬೀದರ ಎರಡು. ಬಹುಕಾಲ ಬೆಳಕು ಕಾಣದಿದ್ದ ಆ ವರದಿಯನ್ನು ಬಿಟ್ಟು ಈ ಕಾಲವನ್ನು ಬರೆಯುವುದು ಇತಿಹಾಸಕಾರನಿಗೆ ಸಲ್ಲದು. ಸೈನ್ಯಾಡಳಿತವು ಇನ್ನೊಂದು ಕೆಲಸವನ್ನೂ ಕೈಕೊಂಡಿತು. ನಿಜಾಮನ ಅನಿಯತ ಸೈನ್ಯದಲ್ಲಿ, ಜಹಗೀರದಾರರ ಕಾವಲಿನಲ್ಲಿ, ಲೇವಾದೇವಿಯಲ್ಲಿ ತೊಡಗಿದ್ದ ಅರಬರು ಹಾಗೂ ಪಠಾಣರು ವಿದೇಶೀಯರೆಂದು ಗುರುತಿಸಲ್ಪಟ್ಟರು, ಅನೇಕರು ಬಂಧನಕ್ಕೊಳಗಾದರು, ಅವರನ್ನು ದೇಶದಿಂದ ಹೊರಗೆ ಕಳಿಸುವ ಪ್ರಯತ್ನವಾಯಿತು. ಅರಬರಲ್ಲಿ ಬಹುಜನರ ಮೂಲವು ದಕ್ಷಿಣ ಅರಬಸ್ಥಾನದ ಹದ್ರಮೌತ್. ಆದರೆ ಅವರಲ್ಲಿ ಎಷ್ಟೋ ಜನರು ಹುಟ್ಟಿದುದು ಹೈದರಾಬಾದಿನಲ್ಲಿ, ಅವರ ತಾಯಂದಿರು ಈ ನಾಡಿನವರು. ಅರಬೀ ಭಾಷೆಯನ್ನೇ ಅರಿಯದವನನ್ನು ಯಾವ ಊರಿಗೆ ಕಳಿಸುವುದು? ಹಳೆಯ ಮುಲ್ಕಿ ನಿಯಮದಂತೆ ನೋಡಿದರೆ ಇವರಲ್ಲಿ ಅನೇಕರು ತಂದೆಯ ಮೂಲಕವೋ 15 ವರ್ಷಗಳ ವಾಸದಿಂದಲೋ ಮುಲ್ಕಿಗಳೇ. ಗಡಿಯಾಚೆಯಿಂದ ಬಂದ ಕನ್ನಡಿಗನು ಗೈರ ಮುಲ್ಕಿ. ಒಂದು ವಾರದಲ್ಲಿ ಈ ಸಂಬಂಧವು ತಲೆಕೆಳಗಾಯಿತು. ಇಬ್ಬರೂ ತಮ್ಮ ಊರಲ್ಲಿಯೇ ಇದ್ದರು. ಬದಲಾದದ್ದು ಪ್ರಶ್ನೆ ಕೇಳುವವರು. ಇಂಥ ಸಮಯದಲ್ಲಿ ಜನನ, ವಾಸ ಮುಂತಾದ ರುಜುವಾತುಗಳಿಗಿಂತ ನಿಷ್ಠೆಯ ಬಗೆಗಿನ ಸಂಶಯವೇ ಹೆಚ್ಚು ತೂಕವುಳ್ಳದ್ದಾಗುತ್ತದೆಂಬುದು ಹೈದರಾಬಾದಿಗೆ ಮಾತ್ರ ಸಂಬಂಧಿಸಿದ ಮಾತಲ್ಲ.

ಗಡಿಯ ಕನ್ನಡ ಕುಟುಂಬಗಳ ತೊಡಕನ್ನು ಬಗೆಹರಿಸಿದುದು ಭಾರತದ ಸಂವಿಧಾನ. 1949ರ ನವೆಂಬರ 23ರಂದು ನಿಜಾಮನು ಈ ಸಂವಿಧಾನವು ತನ್ನ ರಾಜ್ಯಕ್ಕೂ ಅನ್ವಯಿಸುವುದೆಂದು ಘೋಷಿಸಿದನು. ಮೂರು ದಿನಗಳ ತರುವಾಯ, ನವೆಂಬರ 26ರಂದು, ಸಂವಿಧಾನವು ಅಂಗೀಕೃತವಾಗಿ, ಉಳಿದ ಬಹುಭಾಗವು ಜನವರಿ 26ರ ವರೆಗೆ ಕಾದಿದ್ದರೂ, ಪೌರತ್ವದ ವಿಧಿಗಳು ಅಂದೇ ಜಾರಿಗೆ ಬಂದವು. 5ನೆಯ ವಿಧಿಯ ರಚನೆಯನ್ನು ಗಡಿಯಲ್ಲಿ ನಿಂತು ಓದಿದರೆ ಅದರ ವೈಶಾಲ್ಯವು ಎದ್ದು ಕಾಣುತ್ತದೆ. ಭಾರತದ ರಾಜ್ಯಕ್ಷೇತ್ರದಲ್ಲಿ ಸ್ಥಿರವಾಸವುಳ್ಳವನು ಅಲ್ಲಿ ಹುಟ್ಟಿರಬೇಕು, ಇಲ್ಲವೆ ತಂದೆ-ತಾಯಿಗಳಲ್ಲಿ ಒಬ್ಬರು ಅಲ್ಲಿ ಹುಟ್ಟಿರಬೇಕು, ಇಲ್ಲವೆ ಹಿಂದಿನ ಐದು ವರ್ಷ ಅವನು ಅಲ್ಲಿ ವಾಸಿಸಿರಬೇಕು. ಮೂರರಲ್ಲಿ ಯಾವುದೊಂದಿದ್ದರೂ ಸಾಕು. ನೆಲದ ತತ್ತ್ವವೂ ಉಳಿಯಿತು, ರಕ್ತದ ತತ್ತ್ವವೂ ಉಳಿಯಿತು. ಮುಲ್ಕಿ ನಿಯಮವು ಎಣಿಕೆಗೆ ತೆಗೆದುಕೊಳ್ಳದಿದ್ದ ತಾಯಿಯೂ ತಂದೆಗೆ ಸಮನಾಗಿ ಬಂದಳು. 15 ವರ್ಷವು 5 ವರ್ಷವಾಯಿತು. ಹಿಂದಿನ ಊರನ್ನು ತೊರೆದೆನೆಂಬ ಪ್ರಮಾಣದ ಮಾತಿಲ್ಲ. ಜೇವರ್ಗಿಯ ತವರಿನಲ್ಲಿ ಹುಟ್ಟಿದ ಸಿಂದಗಿಯ ಮಗನು ಯಾವ ಅರ್ಜಿಯನ್ನೂ ಬರೆಯದೆ ಪೌರನಾದನು. ದೇಶದ ವಿಭಜನೆಯಿಂದ ಪಂಜಾಬ-ಬಂಗಾಲಗಳಲ್ಲಿ ಉಂಟಾದ ಪೌರತ್ವದ ಗೋಳುಗಳ ಚರ್ಚೆ ವಿಪುಲವಾಗಿ ನಡೆದಿದೆ. ಒಂದು ಗಡಿಯು ಅಳಿಸಿ ಹೋದುದರಿಂದ ತಾನೇ ತಾನಾಗಿ ಪೌರರಾದವರ ವಿಷಯವು ಸದ್ದಿಲ್ಲದ ಕಾರಣ ಚರ್ಚೆಗೆ ಬಂದಿಲ್ಲ.

ಆದರೆ ಪೌರತ್ವವು ಒಂದಾದರೂ ‘ಮುಲ್ಕಿ’ಯು ಅಳಿಯಲಿಲ್ಲ. ನೌಕರಿಗೆ ವಾಸದ ನಿರ್ಬಂಧಗಳನ್ನು ಹೇರುವ ಹಳೆಯ ಕಾಯಿದೆಗಳನ್ನು ಸಂವಿಧಾನದ 35ನೆಯ ವಿಧಿಯು ಸಂಸತ್ತು ಬದಲಾಯಿಸುವ ವರೆಗೆ ಉಳಿಸಿಕೊಂಡಿತು. ಕಾರ್ಯಾಚರಣೆಯ ತರುವಾಯ ಹೊರಗಿನ ಪ್ರಾಂತಗಳಿಂದ ಬಂದ ಅಧಿಕಾರಿಗಳ ವಿರುದ್ಧ 1952ರ ಸೆಪ್ಟಂಬರದಲ್ಲಿ ಹೈದರಾಬಾದಿನಲ್ಲಿ ಚಳವಳಿ ಎದ್ದು, ಗೋಳೀಬಾರಿನಲ್ಲಿ ಪ್ರಾಣಹಾನಿಯಾಯಿತು. 1956ರ ನವೆಂಬರ 1ರಂದು ವಿಜಾಪುರವೂ ಗುಲಬರ್ಗಾ, ರಾಯಚೂರು, ಬೀದರಗಳೂ ಮೈಸೂರು ರಾಜ್ಯದಲ್ಲಿ ಕೂಡಿದವು. 1957ರ ಸಾರ್ವಜನಿಕ ನೌಕರಿಯ ಕಾಯಿದೆಯು ವಾಸದ ನಿರ್ಬಂಧಗಳನ್ನು ಸಾಮಾನ್ಯವಾಗಿ ತೆಗೆದುಹಾಕಿತು. ಆದರೆ ತೆಲಂಗಾಣಕ್ಕೆ ವಿನಾಯಿತಿ ದೊರೆಯಿತು. ಅದೇ ನಿಜಾಮನ ಪ್ರಜೆಗಳಾಗಿದ್ದ ಕನ್ನಡ ಜಿಲ್ಲೆಗಳಿಗೆ ಅಂಥ ರಕ್ಷಣೆ ದೊರೆಯಲಿಲ್ಲ. ಮುಂದಿನ ಕಥೆ ತೆಲಂಗಾಣದ್ದು: 1969ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ವಿನಾಯಿತಿಯನ್ನು ರದ್ದುಪಡಿಸಿತು, 1972ರಲ್ಲಿ ಮುಲ್ಕಿ ನಿಯಮಗಳು ಇನ್ನೂ ಜೀವಂತವಾಗಿವೆಯೆಂದು ತೀರ್ಪಿತ್ತಿತು, 1973ರಲ್ಲಿ ಸಂಸತ್ತು ಅವನ್ನು ತೆಗೆದುಹಾಕಿ 371ಡಿ ವಿಧಿಯನ್ನು ತಂದಿತು. ಕರ್ನಾಟಕದ ಜಿಲ್ಲೆಗಳು ಇಂಥ ವಿಧಿಗಾಗಿ 2012ರ 98ನೆಯ ತಿದ್ದುಪಡಿಯ ವರೆಗೆ ಕಾಯಬೇಕಾಯಿತು.

ಆ ತಿದ್ದುಪಡಿಯಿಂದ ಬಂದ 371ಜೆ ವಿಧಿಯ ಅಗತ್ಯವನ್ನು ಅಲ್ಲಗಳೆಯುವಂತಿಲ್ಲ. ಶಿಕ್ಷಣದಲ್ಲಿ ಆ ಭಾಗವು ಹಿಂದುಳಿಯಲು ನಿಜಾಮನ ಕಾಲದ ಭಾಷಾನೀತಿಯೇ ಬಹುಮಟ್ಟಿಗೆ ಕಾರಣ. ಅದರ ಪರಿಹಾರವು ತಡವಾಗಿ ಬಂದಿತೆಂದೇ ಹೇಳಬೇಕು. ಈ ರಕ್ಷಣೆಯ ವ್ಯಾಪ್ತಿಯಲ್ಲಿ ಮದರಾಸು ಇಲಾಖೆಯಲ್ಲಿದ್ದ ಬಳ್ಳಾರಿಯೂ ಸೇರಿದೆ. ಇಂಡಿ, ಸಿಂದಗಿ, ಮುದ್ದೇಬಿಹಾಳಗಳು ಹೊರಗಿವೆ. ಮಳೆ ಕಡಿಮೆಯಾದ ವರ್ಷ ಜೇವರ್ಗಿಯ ಎರೆ ಒಣಗಿದಂತೆ ಸಿಂದಗಿಯ ಎರೆಯೂ ಒಣಗುತ್ತದೆ. ಆದರೆ ಗುಲಬರ್ಗಾ, ಯಾದಗಿರಿ ಜಿಲ್ಲೆಗಳ ಪಶ್ಚಿಮದ ಅಂಚಿನಲ್ಲಿ, ಎಂದರೆ ಹಳೆಯ ಕರೋಡಗಿರಿ ನಾಕೆಗಳ ಸಾಲಿನಲ್ಲಿಯೇ, ಈ ಹೊಸ ಗೆರೆಯು ಬಿದ್ದಿದೆ.

ವಿಧಿಯ ಮಾತುಗಳಲ್ಲಿ ಮೀಸಲಾತಿಯು ದೊರೆಯುವುದು ‘ಜನನದಿಂದ ಇಲ್ಲವೆ ಸ್ಥಿರವಾಸದಿಂದ’ ಆ ಪ್ರದೇಶಕ್ಕೆ ಸೇರಿದವರಿಗೆ. ಜೇವರ್ಗಿಗೆ ಕೊಟ್ಟ ಸಿಂದಗಿಯ ಮಗಳು ಇಂದಿಗೂ ಚೊಚ್ಚಲ ಹೆರಿಗೆಗೆ ಸಿಂದಗಿಗೇ ಬರುತ್ತಾಳೆ. ಮಗುವಿನ ಜನನಪತ್ರದಲ್ಲಿ ವಿಜಯಪುರ ಜಿಲ್ಲೆ ಎಂದು ದಾಖಲಾಗುತ್ತದೆ. ಜನ್ಮಸ್ಥಳವೊಂದನ್ನೇ ನೋಡಿದರೆ ಆ ಮಗು ಗೆರೆಯ ಹೊರಗಿನದು. ಒಳಗಿನದೆನ್ನಲು ವಾಸದ ಆಧಾರಗಳನ್ನು ಒದಗಿಸಬೇಕು. ಜೇವರ್ಗಿಯ ಮಗಳನ್ನು ತಂದುಕೊಂಡ ಸಿಂದಗಿಯ ಮನೆಯಲ್ಲಿ ಮೊದಲ ಮಗುವಿನ ಪತ್ರದಲ್ಲಿ ಕಲಬುರಗಿ ಜಿಲ್ಲೆಯ ಹೆಸರು, ಎರಡನೆಯದರಲ್ಲಿ ವಿಜಯಪುರದ ಹೆಸರು ಇರುತ್ತದೆ.